ಗೇಮಿಗೆ ಅಂಕ ಕೊಡೋದು: ನಾನು ಎಡವಿದ ಸರಾಸರಿ ಲೆಕ್ಕ

ಕಳೆದ ವಾರ ಒಂದು ಗೇಮಿಗೆ 10ಕ್ಕೆ 7.4 ಕೊಟ್ಟೆ. ಹೆಸರು ಬೇಡ. ಕಥೆಯನ್ನೇ ನಂಬಿಕೊಂಡ ಗೇಮ್, ಪುಟಗಟ್ಟಲೆ ಸಂಭಾಷಣೆ. ಆ ಸಂಭಾಷಣೆಯ ಅಕ್ಷರ ಮಾತ್ರ ನನ್ನ ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡುವ ಯಂತ್ರ) ಸ್ಕ್ರೀನಿನಲ್ಲಿ ಓದೋಕೇ ಆಗುತ್ತಿರಲಿಲ್ಲ. ಹಾಸನದಲ್ಲಿ ಚಿಕ್ಕಮಗಳೂರು ಬಸ್ ಹತ್ತಿ ಶುರು ಮಾಡಿದರೆ ಬೇಲೂರು ಬರುವಷ್ಟರಲ್ಲಿ ಕಣ್ಣು ಉರಿ. ಆದರೂ 7.4. ನನ್ನ ಜೊತೆಗೇ ರಿವ್ಯೂ ಬರೆಯೋದು ಕಲಿಯುತ್ತಿರುವ ಗೆಳೆಯ ಓದಿ, "ಓದೋಕಾಗದೇ ಇರೋದಕ್ಕೆ ಫಸ್ಟ್ ಕ್ಲಾಸ್ ಕೊಟ್ಟಿದ್ದೀಯಲ್ಲೋ" ಅಂದ. ಉತ್ತರ ಹೊಳೆಯಲಿಲ್ಲ. ಲೆಕ್ಕ ಸರಿಯಾಗೇ ಇತ್ತು, ಎರಡು ಸಲ ಕೂಡಿ ನೋಡಿದ್ದೆ.

ಎಲ್ಲಿ ತಪ್ಪಿದೆ ಅಂತ ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಗೇಮ್ ಬಗ್ಗೆ ಹೇಗೆ ಬರೆಯಬೇಕು, ಕಥೆಯ ಗುಟ್ಟು ಹೇಗೆ ಬಿಟ್ಟುಕೊಡಬಾರದು, ಇದೆಲ್ಲ ನಿಮಗೆ ಗೊತ್ತಿರುತ್ತೆ. ಇಲ್ಲಿರೋದು ಅಂಕದ ವಿಷಯ ಮಾತ್ರ, ಅದೂ ಕೈಯಲ್ಲಿ ಹಿಡಿದು ಆಡುವವರಿಗಾಗಿ ಬರೆಯುವಾಗ.

ಮೊದಲು, 7 ಅಂದರೆ ಎಷ್ಟು?

ನಮ್ಮ ತಲೆಯಲ್ಲಿ ಕೂತಿರೋದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ನಾವು ಓದುವಾಗ 35 ಬಂದರೆ ಪಾಸು, 60 ಫಸ್ಟ್ ಕ್ಲಾಸ್, 85 ಡಿಸ್ಟಿಂಕ್ಷನ್. ಗೇಮ್ ಲೋಕದ ಪಟ್ಟಿ ಬೇರೆ. ವಿಮರ್ಶಕರ ಅಂಕಗಳ ಸರಾಸರಿ ಕೊಡುವ ಮೆಟಾಕ್ರಿಟಿಕ್ ವೆಬ್‌ಸೈಟಿನಲ್ಲಿ ಸಿನಿಮಾಕ್ಕೆ 61 ಬಂದರೆ ಹಸಿರು ಬಣ್ಣ, ಗೇಮಿಗೆ ಹಸಿರು ಸಿಗಬೇಕಾದರೆ 75 ಬೇಕು. 50ರಿಂದ 74ರವರೆಗೆ ಹಳದಿ, ಅದರ ಕೆಳಗೆ ಕೆಂಪು. ಒಂದೇ 70, ಸಿನಿಮಾಕ್ಕೆ ಹಸಿರು, ಗೇಮಿಗೆ ಹಳದಿ. ಹಾಗಾಗಿ ಬರೆಯುವವರು ತಮ್ಮ 5ಕ್ಕೆ, 7ಕ್ಕೆ, 9ಕ್ಕೆ ಏನರ್ಥ ಅಂತ ಮೊದಲೇ ಒಂದೊಂದು ಸಾಲು ಹೇಳಿಬಿಡಬೇಕು. ನನ್ನ 5 ಅಂದರೆ "ಬೇರೇನೂ ಇಲ್ಲದಿದ್ದರೆ ಆಡಬಹುದು". ಅಷ್ಟೇ. ಮುಂದೆ ಹೋಗೋಣ.

ನಾನು ಎಡವಿದ್ದು ಇಲ್ಲಿ

ಐದು ವಿಭಾಗ ಮಾಡಿಕೊಂಡಿದ್ದೆ. ಆಟದ ಮಜಾ 9, ಚಿತ್ರ 8, ಸದ್ದು 9, ಓಟ (ಗೇಮ್ ತಡವರಿಸದೆ ನಡೆಯೋದು) ಮತ್ತು ಬ್ಯಾಟರಿ ಸೇರಿ 7, ಓದಲು ಅನುಕೂಲ 2. ಎಲ್ಲಾ ಕೂಡಿ ಐದರಿಂದ ಭಾಗಿಸಿದರೆ 35 ÷ 5 = 7. ಮಜಾಕ್ಕೂ ಸದ್ದಿಗೂ ಸಮ ಪಾಲು ಕೊಡೋದು ಸರಿಯಲ್ಲ ಅನಿಸಿತು. ಮಜಾಕ್ಕೆ ನೂರರಲ್ಲಿ 40 ಪಾಲು, ಚಿತ್ರಕ್ಕೆ 15, ಸದ್ದಿಗೆ 10, ಓಟಕ್ಕೆ 20, ಓದಿಗೆ 15 ಅಂತ ಹಂಚಿದೆ. 3.6 + 1.2 + 0.9 + 1.4 + 0.3 = 7.4. ಪಾಲು ಹಂಚಿದ ಮೇಲೆ ಅಂಕ ಇಳಿಯೋದಿರಲಿ, ಏರಿತು!

ಸರಿ, ಓದಿನ ಪಾಲನ್ನೇ ದುಪ್ಪಟ್ಟು ಮಾಡೋಣ ಅಂದುಕೊಂಡೆ. ಓದಿಗೆ 30, ಮಜಾಕ್ಕೆ 30, ಓಟಕ್ಕೆ 20, ಚಿತ್ರಕ್ಕೂ ಸದ್ದಿಗೂ 10-10. ಈಗ 2.7 + 0.8 + 0.9 + 1.4 + 0.6 = 6.4. ಗೆದ್ದೆ ಅಂದುಕೊಂಡೆ. ಅದೇ ಸೂತ್ರವನ್ನು ಹೋದ ತಿಂಗಳು ಬೇಜಾರಾಗಿ ಅರ್ಧಕ್ಕೇ ಬಿಟ್ಟಿದ್ದ ಇನ್ನೊಂದು ಗೇಮಿಗೆ ಹಾಕಿ ನೋಡಿದೆ. ಅದರಲ್ಲಿ ಮಜಾ 4, ಚಿತ್ರ 6, ಸದ್ದು 6, ಆದರೆ ಹಗುರವಾದ ಗೇಮ್, ಓಟ 9. ಅಕ್ಷರ ದಪ್ಪ ದಪ್ಪ, 10. ಕೂಡಿದರೆ 1.2 + 0.6 + 0.6 + 1.8 + 3.0 = 7.2.

ಮತ್ತೊಮ್ಮೆ ನೋಡಿ. ಬೇಜಾರಿನ ಗೇಮಿಗೆ 7.2, ಒಳ್ಳೆ ಗೇಮಿಗೆ 6.4. ದಪ್ಪ ಅಕ್ಷರಕ್ಕೇ ಬಹುಮಾನ ಬಂದ ಹಾಗಾಯಿತು.

ಇಲ್ಲೇ ನನಗೆ ಎರಡು ದಿನ ಹಿಡಿಯಿತು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಓದಲು ಆಗೋದು ಗೇಮಿನ ಗುಣವಲ್ಲ. ಅನ್ನದಲ್ಲಿ ಕಲ್ಲಿಲ್ಲ ಅಂತ ಯಾರೂ ಹೊಗಳುವುದಿಲ್ಲ, ಕಲ್ಲು ಸಿಕ್ಕಿದಾಗ ಮಾತ್ರ ಮಾತು ಬರುತ್ತೆ. ಇಂಥದ್ದನ್ನು ಗುಣಗಳ ಸಾಲಿನಲ್ಲಿ ಕೂರಿಸಿ 10ರವರೆಗೆ ಅಂಕ ಇಟ್ಟರೆ, ಇದ್ದಾಗ ಸುಮ್ಮಸುಮ್ಮನೆ ಏರಿಸುತ್ತೆ, ಇಲ್ಲದಾಗ ಸಾಕಷ್ಟು ಇಳಿಸಲ್ಲ. ಪಾಲು ಎಷ್ಟೇ ಬದಲಿಸಿದರೂ ಈ ಎರಡು ತೊಂದರೆಯಲ್ಲಿ ಒಂದು ಉಳಿದೇ ಉಳಿಯುತ್ತೆ. ಕೂಡೋದು ಬಿಟ್ಟು ಐದನ್ನೂ ಗುಣಿಸಿ ಐದನೇ ಮೂಲ ತೆಗೆದೂ ನೋಡಿದೆ (ಹೌದು, ಅಲ್ಲಿಗೂ ಹೋದೆ). 6.2 ಬಂತು. ತೊಂದರೆ ಸೂತ್ರದಲ್ಲಿರಲಿಲ್ಲ, ಯಾವುದನ್ನು ಯಾವ ಸಾಲಿಗೆ ಹಾಕಿದೆ ಅನ್ನೋದರಲ್ಲಿತ್ತು.

ಐದು ಕಪ್

ದಾರಿ ತೋರಿಸಿದ್ದು ಮೂಡಿಗೆರೆಯ ಸೋದರಮಾವ. ಅವರಿಗೆ ಗೇಮ್ ಗೊತ್ತಿಲ್ಲ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಕಪ್ಪಿಂಗ್, ಅಂದರೆ ಕಾಫಿ ಸವಿದು ಅಂಕ ಕೊಡುವ ಕೆಲಸ ಮಾಡಿದವರು. ಹಬ್ಬಕ್ಕೆ ಹೋದಾಗ ನನ್ನ ಲೆಕ್ಕದ ಹಾಳೆ ನೋಡಿ ನಕ್ಕರು. "ಹುಳುಕು ಸಿಕ್ಕಿದ್ಮೇಲೆ ಅದನ್ನ ಕೂಡ್ತಾರೇನೋ? ಎಲ್ಲಾ ಕೂಡಿ ಆದ್ಮೇಲೆ ಕಳೀಬೇಕು ಕಣೋ."

ಅವರು ಬಳಸುತ್ತಿದ್ದದ್ದು ನೂರು ಅಂಕದ ಹಳೆಯ ಕಪ್ಪಿಂಗ್ ಫಾರಂ. ಘಮ, ರುಚಿ, ಕುಡಿದ ಮೇಲೆ ಉಳಿಯುವ ರುಚಿ, ಹುಳಿ, ಮೈಕಟ್ಟು (ಬಾಯಲ್ಲಿ ತೋರುವ ಗಟ್ಟಿತನ) ಅಂತ ಹತ್ತು ವಿಭಾಗ, ಒಂದೊಂದಕ್ಕೆ 10. ಒಂದೇ ಕಾಫಿಯನ್ನು ಐದು ಕಪ್‌ಗಳಲ್ಲಿ ಬೇರೆಬೇರೆಯಾಗಿ ಹಾಕುತ್ತಾರೆ, ಒಂದು ಕೆಟ್ಟ ಬೀಜ ಒಂದೇ ಕಪ್ಪಿನಲ್ಲಿ ಅಡಗಿ ಕೂತಿರಬಹುದು ಅಂತ. ಹತ್ತನ್ನೂ ಕೂಡಿದ ಮೇಲೆ ದೋಷ ಕಳೆಯೋದು: ಸಣ್ಣ ದೋಷ ಕಂಡ ಪ್ರತಿ ಕಪ್ಪಿಗೆ 2, ದೊಡ್ಡದಕ್ಕೆ 4. 80 ಮುಟ್ಟಿದರೆ ಸ್ಪೆಷಾಲಿಟಿ ಕಾಫಿ, ಅಂದರೆ ಮೇಲ್ದರ್ಜೆಯದು. 84 ಬಂದ ಕಾಫಿಯಲ್ಲಿ ಒಂದು ಕಪ್ ದೊಡ್ಡ ದೋಷ ಕಂಡರೆ 80, ಅಂಚಿನಲ್ಲಿ ಉಳಿಯಿತು. ಎರಡು ಕಪ್‌ಗಳಲ್ಲಿ ಕಂಡರೆ 76, ಹೊರಗೆ ಹೋಯಿತು. ದೋಷ ಇಲ್ಲದಿದ್ದರೆ ಕಳೆಯಲು ಏನೂ ಇಲ್ಲ, ಆ ಸಾಲಿನಲ್ಲಿ ಹೆಚ್ಚುವರಿ ಅಂಕವೂ ಇಲ್ಲ. ನನಗೆ ಬೇಕಾಗಿದ್ದದ್ದು ಇದೇ!

(ಆ ಫಾರಂನಲ್ಲೂ ಹೆಚ್ಚಿನ ವಿಭಾಗಗಳಲ್ಲಿ ಅಂಕ 6ರಿಂದಲೇ ಶುರು. 6 ಅಂದರೆ ಚೆನ್ನಾಗಿದೆ, 7 ಅಂದರೆ ತುಂಬಾ ಚೆನ್ನಾಗಿದೆ. ಗೇಮಿನವರು 7ಕ್ಕಿಂತ ಕೆಳಗಿಳಿಯಲ್ಲ ಅಂತ ಬೈಯುವ ಮುಂಚೆ ಇದೂ ನೆನಪಿರಲಿ.)

ಅದನ್ನೇ ಹತ್ತರಿಂದ ಭಾಗಿಸಿ ನನ್ನ ಹಾಳೆಗೆ ತಂದೆ. ಕಪ್ ಬದಲು ಐದು ಕೂತುಗಳು, ಅಂದರೆ ಐದು ಬೇರೆ ಜಾಗದಲ್ಲಿ, ಬೇರೆ ಹೊತ್ತಿನಲ್ಲಿ ಆಡೋದು. ಹ್ಯಾಂಡ್‌ಹೆಲ್ಡ್ ಇಟ್ಟುಕೊಂಡವರು ಒಂದೇ ಕುರ್ಚಿಯಲ್ಲಿ ಕೂತು ಆಡುವವರಲ್ಲವಲ್ಲ. ನನ್ನ ಐದು ಇವು. ಒಂದು, ಕುಲುಕುವ ಬಸ್ಸು. ಎರಡು, ಮಧ್ಯಾಹ್ನದ ಬಿಸಿಲಲ್ಲಿ ಜಗಲಿ. ಮೂರು, ರಾತ್ರಿ ದೀಪ ಆರಿಸಿ ಹಾಸಿಗೆಯಲ್ಲಿ, ಸದ್ದು ಪೂರ್ತಿ ಮುಚ್ಚಿ. ನಾಲ್ಕು, ಹತ್ತೇ ನಿಮಿಷ ಆಡಿ ಥಟ್ಟನೆ ಸ್ಲೀಪ್‌ಗೆ ಹಾಕಿ ಮರುದಿನ ಎಬ್ಬಿಸೋದು. ಐದನೆಯದು ನನಗೆ ತುಂಬಾ ಇಷ್ಟದ್ದು, ಮಂಗಳೂರು ರೈಲು. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗ. ನೆಟ್‌ವರ್ಕ್ ಹೋಗಿ ಬಂದು ಮಾಡುತ್ತೆ, ಬೆಳಕು ಕತ್ತಲೆ ಕಣ್ಣಾಮುಚ್ಚಾಲೆ. ಒಬ್ಬರೇ ಆಡುವ ಗೇಮ್ ಆಗಿದ್ದೂ ನೆಟ್ ಬೇಕೇ ಬೇಕು ಅಂತ ಹಟ ಹಿಡಿಯುವಂಥದ್ದು ಇಲ್ಲಿ ಸಿಕ್ಕಿಬೀಳುತ್ತೆ. ರೈಲಿಗೆ ಹೋಗಲಾಗದವರು ಏರ್‌ಪ್ಲೇನ್ ಮೋಡ್ ಹಾಕಿ ನೋಡಿ, ಮಜಾ ಕಡಿಮೆ, ಫಲಿತಾಂಶ ಅದೇ.

ಸಣ್ಣ ದೋಷ ಕಂಡ ಪ್ರತಿ ಕೂತಿಗೆ 0.2, ದೊಡ್ಡದಕ್ಕೆ 0.4 ಕಳೆಯೋದು. ಇಲ್ಲಿ ಇನ್ನೊಂದು ಸಲ ಎಡವಿದೆ: ಓದಿನ ವಿಭಾಗವನ್ನು ಮೇಲೂ ಇಟ್ಟುಕೊಂಡು ಕೆಳಗೂ ಕಳೆದೆ. ಒಂದೇ ತಪ್ಪಿಗೆ ಎರಡು ದಂಡ. ಓದನ್ನು ಮೇಲಿಂದ ತೆಗೆದು ಉಳಿದ ನಾಲ್ಕಕ್ಕೆ 50, 15, 10, 25 ಅಂತ ಪಾಲು ಹಾಕಿದಾಗ ಒಳ್ಳೆ ಗೇಮಿಗೆ 8.35, ಬೇಜಾರಿನದಕ್ಕೆ 5.75. ಒಳ್ಳೆಯದರಲ್ಲಿ ಅಕ್ಷರದ ದೊಡ್ಡ ದೋಷ ಐದೂ ಕೂತುಗಳಲ್ಲಿ, 2.0 ಕಳೆದರೆ 6.35. ಇನ್ನೊಂದರಲ್ಲಿ ಕಳೆಯಲು ಏನಿಲ್ಲ, 5.75ರಲ್ಲೇ ನಿಂತಿತು. ಈಗ ಎರಡೂ ತಮ್ಮ ತಮ್ಮ ಜಾಗದಲ್ಲಿ ಕೂತವು.

ಗೆಳೆಯನಿಗೆ 6.35 ಕೂಡ ಜಾಸ್ತಿ ಅನಿಸಿದೆ. ಕಥೆಯೇ ಬಂಡವಾಳ ಆಗಿರುವಲ್ಲಿ ಓದಲಾಗದಿದ್ದರೆ 5 ದಾಟಬಾರದು ಅನ್ನೋದು ಅವನ ವಾದ. ನಾನು ಒಪ್ಪಿಲ್ಲ. ಟಿವಿಗೆ ಜೋಡಿಸಿದರೆ ಇದೇ ಗೇಮ್ 8.35. ಆದರೆ ಅಂಕದ ಮೇಲೊಂದು ಸಾಲು ದಪ್ಪಕ್ಷರದಲ್ಲಿ ಬರೆಯಲು ಒಪ್ಪಿಕೊಂಡಿದ್ದೇನೆ: "ಕೈಯಲ್ಲಿ ಹಿಡಿದು ಆಡುವವರು ಓದಲು ಒದ್ದಾಡುತ್ತೀರಿ."

ರಾಗಿ ಕಾಳು

"ಅಕ್ಷರ ಸಣ್ಣದು" ಅಂತ ಸುಮ್ಮನೆ ಬರೆದರೆ ಕನ್ನಡಕ ಬದಲಿಸು ಅನ್ನುತ್ತಾರೆ. ಅಳತೆ ಕೊಡಿ. ಸ್ಟೀಮ್ ಡೆಕ್ ಅನ್ನೋ ಹ್ಯಾಂಡ್‌ಹೆಲ್ಡ್‌ಗೆ ಗೇಮ್‌ಗಳನ್ನು ಪರೀಕ್ಷಿಸುವಾಗ ಅದನ್ನು ಮಾಡುವ ವಾಲ್ವ್ ಕಂಪನಿ ಇಟ್ಟಿರುವ ನಿಯಮ ಇದು: 1280×800 ಸ್ಕ್ರೀನಿನಲ್ಲಿ ಅತಿ ಸಣ್ಣ ಅಕ್ಷರವೂ 9 ಪಿಕ್ಸೆಲ್ (ಸ್ಕ್ರೀನಿನ ಸಣ್ಣ ಚುಕ್ಕೆ) ಎತ್ತರಕ್ಕಿಂತ ಕಡಿಮೆ ಇರಬಾರದು. 7 ಇಂಚಿನ ಸ್ಕ್ರೀನಿನಲ್ಲಿ ಒಂದು ಇಂಚಿಗೆ ಸುಮಾರು 215 ಪಿಕ್ಸೆಲ್, ಅಂದರೆ 9 ಪಿಕ್ಸೆಲ್ ಹೆಚ್ಚುಕಮ್ಮಿ 1 ಮಿಲಿಮೀಟರ್. ನನಗೆ ಅದೂ ಸಣ್ಣದೇ. 2017ರ ಮೊದಲ ನಿಂಟೆಂಡೊ ಸ್ವಿಚ್‌ನದು 6.2 ಇಂಚು, 1280×720, ಇಂಚಿಗೆ ಸುಮಾರು 237 ಪಿಕ್ಸೆಲ್. ಟಿವಿಯ 1080 ಸಾಲಿಗೆ ಅಂತ 18 ಪಿಕ್ಸೆಲ್‌ನಲ್ಲಿ ಬರೆದ ಅಕ್ಷರ ಇಲ್ಲಿ 12 ಪಿಕ್ಸೆಲ್‌ಗೆ ಇಳಿದು 1.3 ಮಿಲಿಮೀಟರ್ ಆಗುತ್ತೆ.

ಲೆಕ್ಕ ಬೇಡ ಅನ್ನುವವರಿಗೆ ನನ್ನ ಅಡ್ಡದಾರಿ: ಸಂಭಾಷಣೆ ಬಂದಾಗ ನಿಲ್ಲಿಸಿ, ಅಕ್ಷರದ ಪಕ್ಕ ಒಂದು ರಾಗಿ ಕಾಳು ಇಡಿ. ಕಾಳು ಸುಮಾರು ಒಂದೂವರೆ ಮಿಲಿಮೀಟರ್. ಅಕ್ಷರ ಕಾಳಿನಷ್ಟಿದ್ದರೆ ಪರವಾಗಿಲ್ಲ. ಕಾಳಿಗಿಂತ ಸಣ್ಣದಿದ್ದು, ಸೆಟ್ಟಿಂಗ್ಸ್‌ನಲ್ಲಿ ದೊಡ್ಡದು ಮಾಡುವ ಆಯ್ಕೆಯೂ ಇಲ್ಲದಿದ್ದರೆ ದೊಡ್ಡ ದೋಷ. ಆಯ್ಕೆ ಇದ್ದರೆ ದೋಷವೇ ಅಲ್ಲ. ಅಮ್ಮ ರಾಗಿ ಡಬ್ಬಿ ಗೇಮ್ ಪಕ್ಕ ಯಾಕಿದೆ ಅಂತ ಕೇಳಿದಾಗ ವಿವರಿಸೋದು ಮಾತ್ರ ಕಷ್ಟವಾಯಿತು.

ಓಟ

ಇಲ್ಲೂ ಸರಾಸರಿ ಮೋಸ ಮಾಡುತ್ತೆ. ಮೂಲೆಯಲ್ಲಿ ಸೆಕೆಂಡಿಗೆ 58 ಫ್ರೇಮ್ (ಒಂದರ ಹಿಂದೊಂದು ಬರುವ ಚಿತ್ರ) ಅಂತ ತೋರಿಸುತ್ತಿರುತ್ತೆ, ನಡುವೆ ಒಂದೇ ಒಂದು ಫ್ರೇಮ್ ತಡವರಿಸಿ ನಿಂತರೆ ಹೆಬ್ಬೆರಳಿಗೆ ಗೊತ್ತಾಗೋದು ಆ ಒಂದೇ. ಹಾಗಾಗಿ ಫ್ರೇಮ್ ಎಷ್ಟು ಅಂತ ನೋಡುವ ಬದಲು, ಒಂದು ಫ್ರೇಮಿಗೆ ಎಷ್ಟು ಹೊತ್ತು ಅಂತ ನೋಡಿ. 30 ಫ್ರೇಮ್ ಅಂದರೆ ಒಂದೊಂದಕ್ಕೆ 33.3 ಮಿಲಿಸೆಕೆಂಡ್, 60 ಅಂದರೆ 16.7. ಇವೆರಡರ ನಟ್ಟನಡುವೆ ಇರೋದು 25, ಅಂದರೆ 40 ಫ್ರೇಮ್. ನಾನು 45 ಅಂತ ವಾದಿಸಿ ಸೋತಿದ್ದೇನೆ. 30ರಿಂದ 40ಕ್ಕೆ ಹೋದಾಗ ಉಳಿಯುವ ಹೊತ್ತೂ 40ರಿಂದ 60ಕ್ಕೆ ಹೋದಾಗ ಉಳಿಯುವ ಹೊತ್ತೂ ಒಂದೇ, 8.3 ಮಿಲಿಸೆಕೆಂಡ್. ಆದರೆ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಸ್ಕ್ರೀನಿಗೆ 40 ಸಮವಾಗಿ ಕೂರಲ್ಲ, ಸ್ಕ್ರೀನನ್ನೂ 40 ಹರ್ಟ್ಸ್‌ಗೆ ಇಳಿಸಬೇಕು. ಎಲ್‌ಸಿಡಿ ಸ್ಕ್ರೀನಿನ ಸ್ಟೀಮ್ ಡೆಕ್‌ನಲ್ಲಿ ಅದು ಆಗುತ್ತೆ.

ಬ್ಯಾಟರಿಗೆ ಕಂಪನಿ ಹೇಳುವ ಗಂಟೆ ನಂಬಬೇಡಿ. 80ರಿಂದ 50 ಪರ್ಸೆಂಟ್‌ಗೆ ಇಳಿಯಲು ಎಷ್ಟು ನಿಮಿಷ ಅಂತ ಗಡಿಯಾರ ನೋಡಿ. 48 ನಿಮಿಷ ಆದರೆ ಪೂರ್ತಿ ಚಾರ್ಜ್‌ಗೆ ಸುಮಾರು 160 ನಿಮಿಷ, ಬೆಂಗಳೂರು ಮುಟ್ಟಲ್ಲ. ಯಾವ ಮಾಡೆಲ್ ಅಂತ ಬರೆಯದಿದ್ದರೆ ಈ ಅಂಕಿ ಕೆಲಸಕ್ಕೆ ಬರಲ್ಲ. ಮೊದಲ ಸ್ವಿಚ್‌ಗೆ ನಿಂಟೆಂಡೊ ಹೇಳಿದ್ದು ಎರಡೂವರೆಯಿಂದ ಆರೂವರೆ ಗಂಟೆ, 2019ರಲ್ಲಿ ಬಂದ ಪರಿಷ್ಕೃತ ಮಾಡೆಲ್‌ಗೆ ನಾಲ್ಕೂವರೆಯಿಂದ ಒಂಬತ್ತು.

ಬೇರೆಯವರ ಸರಾಸರಿ

ಜಪಾನಿನ ಫಾಮಿತ್ಸು ಪತ್ರಿಕೆ ನಾಲ್ಕು ಜನರಿಂದ ತಲಾ 10ಕ್ಕೆ ಅಂಕ ಹಾಕಿಸಿ 40ಕ್ಕೆ ಮೊತ್ತ ಕೊಡುತ್ತೆ. 1998ರಲ್ಲಿ ಮೊದಲ ಬಾರಿ 40ಕ್ಕೆ 40 ಸಿಕ್ಕಿದ್ದು ಜೆಲ್ಡಾ ಸರಣಿಯ ಒಕರಿನಾ ಆಫ್ ಟೈಮ್‌ಗೆ. ನನಗೆ ಇದರಲ್ಲಿ ಹಿಡಿಸಿದ್ದು ಮೊತ್ತವಲ್ಲ, ನಾಲ್ಕೂ ಅಂಕ ಬಿಡಿಬಿಡಿಯಾಗಿ ಕಾಣೋದು. 8-8-8-8 ಕೂಡ 32, 10-10-6-6 ಕೂಡ 32, ಆದರೆ ಎರಡನೆಯದನ್ನು ಕೊಳ್ಳುವ ಮುಂಚೆ ಯೋಚಿಸುತ್ತೀರಿ. ಮೆಟಾಕ್ರಿಟಿಕ್ ಒಂದೊಂದು ಪತ್ರಿಕೆಗೆ ಒಂದೊಂದು ತೂಕ ಕೊಟ್ಟು ಸರಾಸರಿ ಮಾಡುತ್ತೆ, ತೂಕ ಎಷ್ಟು ಅಂತ ಹೇಳಲ್ಲ. 2010ರ ಫಾಲ್‌ಔಟ್ ನ್ಯೂ ವೇಗಸ್ ಗೇಮ್ ಮಾಡಿದ ಅಬ್ಸಿಡಿಯನ್ ಕಂಪನಿಗೆ ಅಲ್ಲಿ 85 ಬಂದಿದ್ದರೆ ಬೋನಸ್ ಇತ್ತು. ಬಂದದ್ದು 84. ದಶಮಾಂಶದ ಜೊತೆ ಆಟ ಆಡುವಾಗ ನನಗೆ ಇದು ನೆನಪಾಗುತ್ತೆ.

ಇನ್ನೊಂದು, ಯಾವ ಯಂತ್ರದಲ್ಲಿ ಆಡಿದಿರೋ ಅದಕ್ಕೆ ಮಾತ್ರ ಅಂಕ. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಸಿಕ್ಕಿದ್ದು ಪಿಸಿ ಪ್ರತಿ ಮಾತ್ರ. ಅಂಕ ಭರ್ಜರಿಯಾಗಿ ಬಂತು. ಹಳೆ ಕನ್ಸೋಲ್‌ಗಳಲ್ಲಿ ಅದೇ ಗೇಮ್ ಎಷ್ಟು ಕುಂಟಿತು ಅಂದರೆ ಸುಮಾರು ಒಂದು ವಾರದಲ್ಲಿ ಸೋನಿ ತನ್ನ ಅಂಗಡಿಯಿಂದಲೇ ತೆಗೆದುಹಾಕಿತು.

ಕೊನೆಗೆ ಅಪ್‌ಡೇಟ್ ವಿಷಯ. ನನ್ನ ಗೇಮಿಗೆ ನಿನ್ನೆ ಒಂದು ಬಂದಿದೆ, ಬದಲಾವಣೆಗಳ ಪಟ್ಟಿಯಲ್ಲಿ ಅಕ್ಷರದ ಸುದ್ದಿ ಇಲ್ಲ. ಆದರೂ ಇಳಿಸಿಕೊಂಡು ರಾಗಿ ಕಾಳು ಇಟ್ಟು ನೋಡಿದೆ, ಹಾಗೇ ಇದೆ. 6.35ರ ಪಕ್ಕದಲ್ಲಿ ಆವೃತ್ತಿಯ ಸಂಖ್ಯೆ, ಆಡಿದ ತಾರೀಖು, ಮಾಡೆಲ್ ಮೂರನ್ನೂ ಸೇರಿಸಿದ್ದೇನೆ.