ಜಾಮೀನು ಸಿಕ್ಕಿತು, ಪಹಣಿ ಸಿಗಲಿಲ್ಲ

2022ರ ಡಿಸೆಂಬರ್ 31ರಂದು ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ಇವರಿಗೆಲ್ಲ ಜಾಮೀನು ನಿರಾಕರಣೆಯಾಗಿರಬೇಕು ಎಂದು ಹೊರಗಿನವರು ಅಂದುಕೊಳ್ಳುವುದುಂಟು. ಜಾಮೀನು ಮಂಜೂರಾದ ಮೇಲೂ ಒಳಗೇ ಉಳಿದವರು ಈ ಲೆಕ್ಕದಲ್ಲಿದ್ದಾರೆ. ಆದೇಶ ಕೈಗೆ ಬಂದಿರುತ್ತದೆ, ಜಾಮೀನುದಾರ ಸಿಕ್ಕಿರುವುದಿಲ್ಲ.

ಆದೇಶ ಸಾಮಾನ್ಯವಾಗಿ ಹೀಗಿರುತ್ತದೆ: 50,000 ರೂಪಾಯಿಯ ಸ್ವಂತ ಮುಚ್ಚಳಿಕೆ, ಜೊತೆಗೆ ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ. ಮುಚ್ಚಳಿಕೆಗೆ ಹಣ ಕಟ್ಟಬೇಕಿಲ್ಲ. ವಾಯಿದೆಗೆ ಬರುತ್ತೇನೆ, ತಪ್ಪಿದರೆ ಇಷ್ಟು ತೆರುತ್ತೇನೆ ಎಂದು ಸಹಿ ಹಾಕಿದರೆ ಮುಗಿಯಿತು. ಕಷ್ಟವಿರುವುದು ಎರಡನೆಯ ಷರತ್ತಿನಲ್ಲಿ. ಜಾಮೀನುದಾರ ಸ್ವಂತ ಹೆಸರಿನ ಪಹಣಿ ಅಥವಾ ಮನೆಯ ಖಾತೆ, ಆಧಾರ್, ಫೋಟೊ, ಅಫಿಡವಿಟ್ ಹಿಡಿದು ಖುದ್ದಾಗಿ ಕೋರ್ಟಿಗೆ ಬರಬೇಕು. ಇನ್ನೂ ಎಷ್ಟು ಜನರಿಗೆ ಜಾಮೀನು ನಿಂತಿದ್ದೇನೆ ಎಂಬುದನ್ನೂ ಘೋಷಿಸಬೇಕು. ಆರೋಪಿ ತಲೆಮರೆಸಿಕೊಂಡರೆ ಮುಚ್ಚಳಿಕೆಯ ಹಣ ಇವನಿಂದ ವಸೂಲಾಗುತ್ತದೆ.

ಬಡವರ ಮನೆಯಲ್ಲಿ ಇದು ಎಲ್ಲಿ ಮುರಿದು ಬೀಳುತ್ತದೆ ನೋಡಿ. ಕೂಲಿಯವನಿಗೆ ಜಮೀನೇ ಇಲ್ಲ. ಎಕರೆ ಎರಡೆಕರೆ ಇದ್ದರೂ ಪೌತಿ ಖಾತೆಯಾಗದೆ ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲಿರುತ್ತದೆ. ಸತ್ತವರು ಜಾಮೀನು ನಿಲ್ಲಲಾರರು. ಜಂಟಿ ಖಾತೆಯಾದರೆ ಉಳಿದ ಪಾಲುದಾರರು ಒಪ್ಪುವುದಿಲ್ಲ. ಹೊರಜಿಲ್ಲೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬಂದವನಿಗೆ ಊರಿನ ಬಂಧುವೇ ಗತಿ, ಆ ಬಂಧುವಿಗೆ ಎರಡು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. ಎಲ್ಲ ಸರಿಹೋಗಿ ಬಿಡುಗಡೆ ಆದೇಶ ಸಂಜೆ ಕೈದಿಗಳ ಕೋಣೆಗೆ ಬೀಗ ಹಾಕುವ ಮುಂಚೆ ಜೈಲು ತಲುಪದಿದ್ದರೆ ಇನ್ನೊಂದು ರಾತ್ರಿ ಒಳಗೇ. ಈ ಸಂಕಟದ ಸುತ್ತ ಬಾಡಿಗೆ ಜಾಮೀನುದಾರರ ದಂಧೆ ಹುಟ್ಟಿದೆ. ಅವರು ತರುವ ಪಹಣಿ ನಕಲಿ ಎಂದು ತಿಳಿದರೆ ಜಾಮೀನೂ ಹೋಗುತ್ತದೆ, ಹೊಸದೊಂದು ಕೇಸೂ ಬೀಳಬಹುದು. ಉಳ್ಳವನಿಗೆ ಅದೇ ಆದೇಶ ಒಂದು ಮಧ್ಯಾಹ್ನದ ಕೆಲಸ.

ಕಾನೂನಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಮುಚ್ಚಳಿಕೆಯ ಮೊತ್ತ ವಿಪರೀತವಾಗಿರಬಾರದು ಎಂದು 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತು. 1973ರ ಸಂಹಿತೆಯ 440ನೇ ಕಲಮು ಅದನ್ನೇ ಹೇಳಿತು. ದೊಡ್ಡ ತಿರುವು ಬಂದದ್ದು 1978ರ ಆಗಸ್ಟ್‌ನಲ್ಲಿ, ಮೋತಿ ರಾಮ್ ಪ್ರಕರಣದಲ್ಲಿ. ಮಧ್ಯಪ್ರದೇಶದ ಗಾರೆ ಕೆಲಸಗಾರನೊಬ್ಬನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಗೆ ಜಾಮೀನುದಾರ ಬೇಕೆಂದರು. ಅಣ್ಣತಮ್ಮಂದಿರಲ್ಲಿ ಒಬ್ಬ ಮುಂದೆ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿದರು. ಬಸ್ತರ್‌ನಲ್ಲೋ ಪೋರ್ಟ್ ಬ್ಲೇರ್‌ನಲ್ಲೋ ಬಂಧನವಾದ ಕನ್ನಡಿಗನೋ ಮಲಯಾಳಿಯೋ ಆ ಊರಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಆ ತೀರ್ಪಿನಲ್ಲೇ ಇದೆ.

ಮರುವರ್ಷ ಹುಸೈನಾರಾ ಖಾತೂನ್ ಪ್ರಕರಣ ಬಂತು. ಬಿಹಾರದ ಜೈಲುಗಳ ಬಗ್ಗೆ ಪೊಲೀಸ್ ಅಧಿಕಾರಿ ಕೆ.ಎಫ್. ರುಸ್ತುಂಜಿ ಪತ್ರಿಕೆಯಲ್ಲಿ ಬರೆದದ್ದನ್ನು ಓದಿ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ಅಪರಾಧ ಸಾಬೀತಾದರೆ ಸಿಗಬಹುದಾದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರು ಅಲ್ಲಿ ಕಂಡರು. ಆಸ್ತಿಯ ಬದಲು ಮನುಷ್ಯನ ಬೇರು ನೋಡಿ ಎಂದರು ನ್ಯಾಯಮೂರ್ತಿ ಪಿ.ಎನ್. ಭಗವತಿ: ಊರಲ್ಲಿ ಎಷ್ಟು ವರ್ಷದಿಂದಿದ್ದಾನೆ, ಕೆಲಸವೇನು, ಸಂಸಾರವಿದೆಯೇ, ಹಿಂದೆ ವಾಯಿದೆ ತಪ್ಪಿಸಿದ್ದಾನೆಯೇ.

ಇದರಲ್ಲಿ ಸ್ವಲ್ಪ ಭಾಗ ಶಾಸನವಾಗಲು 2005ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಬಂಧನವಾದ ವಾರದೊಳಗೆ ಜಾಮೀನು ಒದಗಿಸಲಾಗದವನನ್ನು ನಿರ್ಗತಿಕನೆಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು ಎಂಬ ನಿಯಮ ಬಂತು. ಆದರೆ ಅದು ಜಾಮೀನೀಯ, ಅಂದರೆ ಜಾಮೀನು ಹಕ್ಕಾಗಿ ಸಿಗುವ ಅಪರಾಧಗಳಿಗೆ ಮಾತ್ರ. ಮನೆಗಳ್ಳತನದಂಥ ಜಾಮೀನುರಹಿತ ಅಪರಾಧದಲ್ಲಿ ಸಿಕ್ಕವನಿಗೆ ಆ ರಕ್ಷಣೆ ಇಲ್ಲ. 1973ರ ಸಂಹಿತೆಯ ಬದಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ (478ನೇ ಕಲಮು) ಈ ಬಿರುಕನ್ನು ಮುಚ್ಚಲಿಲ್ಲ. ಅದನ್ನು ಮುಚ್ಚದಿರಲು ಒಳ್ಳೆಯ ಕಾರಣ ಯಾವುದೂ ಕಾಣುವುದಿಲ್ಲ. ಜಾಮೀನುರಹಿತ ಅಪರಾಧದಲ್ಲಿ ಬಿಡಬಹುದೇ ಎಂದು ನ್ಯಾಯಾಧೀಶರು ತೂಗಿ ನೋಡಿ ಆದೇಶ ಕೊಟ್ಟಾಗಿದೆ. ಆಮೇಲೂ ತಡೆಯುವುದು ಬಡತನ ಮಾತ್ರ.

ಇದರ ಅಡ್ಡಪರಿಣಾಮ ತೀರ್ಪಿನ ಮೇಲೂ ಆಗುತ್ತದೆ. ವಿಚಾರಣೆಯ ವೇಳೆ ಕಳೆದ ದಿನಗಳು ಶಿಕ್ಷೆಯಲ್ಲಿ ವಜಾ ಆಗುತ್ತವೆ. ಸಣ್ಣ ಕೇಸಿನಲ್ಲಿ ಐದಾರು ತಿಂಗಳು ಒಳಗಿದ್ದವನಿಗೆ ವಾದ ಮಾಡುವುದಕ್ಕಿಂತ ತಪ್ಪೊಪ್ಪಿಕೊಳ್ಳುವುದೇ ಬೇಗ ಹೊರಬರುವ ದಾರಿ. ಮುಂದೆ ಆ ಶಿಕ್ಷೆಯ ದಾಖಲೆ ಅವನ ಬೆನ್ನು ಬಿಡುವುದಿಲ್ಲ.

2022ರ ಸಂವಿಧಾನ ದಿನದಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಬಡ ಕೈದಿಗಳ ಬಗ್ಗೆ ಮಾತಾಡಿದ ಮೇಲೆ ವಿಷಯ ಮತ್ತೆ ಚುರುಕಾಯಿತು. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕ್ರಮ ಗೊತ್ತುಮಾಡಿತು: ಆದೇಶದ ಪ್ರತಿ ಅದೇ ದಿನ ಅಥವಾ ಮರುದಿನ ಇ-ಮೇಲ್‌ನಲ್ಲಿ ಜೈಲಿಗೆ ಹೋಗಬೇಕು; ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು; ಒಂದು ತಿಂಗಳಾದರೂ ಜಾಮೀನು ಒದಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಷರತ್ತು ಬಿಡುಗಡೆ ತಡವಾಗಲು ಒಂದು ಕಾರಣ, ಅದನ್ನು ಹಾಕದಿರುವುದು ಒಳ್ಳೆಯದು ಎಂದೂ ಹೇಳಿತು. ಅದೇ ವರ್ಷ ಕೇಂದ್ರ ಗೃಹ ಸಚಿವಾಲಯ ಒಬ್ಬ ವಿಚಾರಣಾಧೀನ ಕೈದಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಿತ ಕೈದಿಗೆ 25,000 ರೂಪಾಯಿವರೆಗೆ ನೆರವು ನೀಡುವ ಯೋಜನೆ ತಂದಿತು. ಯೋಜನೆ ಕೊಡುವುದು ಹಣ, ಆದೇಶ ಕೇಳುವುದು ಆಸ್ತಿಯುಳ್ಳ ಮನುಷ್ಯನನ್ನು. ಆದೇಶವನ್ನು ನಗದು ಭದ್ರತೆಗೆ ಬದಲಿಸದ ಹೊರತು ಆ ಹಣ ಕೆಲಸಕ್ಕೆ ಬರುವುದಿಲ್ಲ.

ಹಾಗಾಗಿ ಮನೆಯವರು ಮೊದಲು ಮಾಡಬೇಕಾದದ್ದು ಬಾಡಿಗೆ ಜಾಮೀನುದಾರನ ಹುಡುಕಾಟವಲ್ಲ, ಷರತ್ತು ಬದಲಿಸಲು ಅರ್ಜಿ. ನಾಗರಿಕ ಸುರಕ್ಷಾ ಸಂಹಿತೆಯ 484ನೇ ಕಲಮಿನಡಿ ಮೊತ್ತ ಇಳಿಸುವಂತೆ ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟನ್ನು ಕೇಳಬಹುದು. ಜಾಮೀನುದಾರನ ಬದಲು ನಗದು ಇಡಲು ಅನುಮತಿ ಕೊಡುವ ಅಧಿಕಾರ 490ನೇ ಕಲಮಿನಲ್ಲಿದೆ. ಅರ್ಜಿಯ ಜೊತೆ ರೇಷನ್ ಕಾರ್ಡ್, ನರೇಗಾ ಜಾಬ್ ಕಾರ್ಡ್, ಬಾಡಿಗೆ ಕರಾರು ಇಟ್ಟರೆ ಭಗವತಿ ಕೇಳಿದ ಬೇರುಗಳಿಗೆ ಪುರಾವೆಯಾಗುತ್ತದೆ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಹಕ್ಕಾಗಿ ಸಿಗುತ್ತದೆ, ಸಹಾಯವಾಣಿ 15100.