ಹೀಟ್ ಸೋಕ್: ಕುದಿಯುವುದಲ್ಲ, ನೆನೆಯುವುದು

ಮೊನ್ನೆ ಇನ್ನೊಂದು ವಿಡಿಯೊ ನೋಡಿದೆ. ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇರುವ ಸ್ಪೋರ್ಟ್ಸ್ ಕಾರನ್ನು ಟ್ರ್ಯಾಕಿನಲ್ಲಿ ಚೆನ್ನಾಗಿ ದಬಾಯಿಸಿ ತಂದಿದ್ದಾರೆ. ಪಿಟ್‌ನಲ್ಲಿ ನಿಲ್ಲಿಸಿದ್ದಾರೆ. ಬಾನೆಟ್ ಮುಚ್ಚಿದೆ, ಎಂಜಿನ್ ಓಡುತ್ತಲೇ ಇದೆ. "ಹೀಟ್ ಸೋಕ್ ಆಗಬಾರದಲ್ವಾ, ಅದಕ್ಕೆ ಹತ್ತು ನಿಮಿಷ ಐಡಲ್" ಅನ್ನುತ್ತಾರೆ. ಅದಕ್ಕೂ ಮುಂಚೆ ಇನ್ನೊಬ್ಬರು ರೇಡಿಯೇಟರ್ ನೀರು ಉಕ್ಕಿದ್ದನ್ನೇ ಹೀಟ್ ಸೋಕ್ ಅಂದಿದ್ದರು. ಗಾಡಿ ಕಾದಿದೆ ಅನ್ನುವುದಕ್ಕೆ ಒಂದು ಚಂದದ ಇಂಗ್ಲಿಷ್ ಹೆಸರು ಸಿಕ್ಕಿದೆ, ಎಲ್ಲರೂ ಎಲ್ಲದಕ್ಕೂ ಅಂಟಿಸುತ್ತಿದ್ದಾರೆ.

ಸೋಕ್ ಅಂದರೆ ನೆನೆಯುವುದು. ಗುಟ್ಟೆಲ್ಲ ಇರುವುದು ಈ ನೆನೆಯುವುದರಲ್ಲೇ. ಉದ್ದಿನಬೇಳೆಯ ಮೇಲೆ ನೀರು ಸುರಿದ ತಕ್ಷಣ ಅದು ನೆನೆದಂತಲ್ಲ. ಹೊತ್ತು ಬೇಕು. ನೀರು ಒಳಗೆ ಇಳಿಯಬೇಕು, ಕಾಳಿನ ನಡುಭಾಗವೂ ಮೆತ್ತಗಾಗಬೇಕು. ಬಿಸಿಗೂ ಇಂಗ್ಲಿಷಿನವರು ಇದೇ ಮಾತು ಬಳಸಿದರು. ಕುಂಬಾರಿಕೆಯಲ್ಲಿ ಭಟ್ಟಿ ಬೇಕಾದ ಬಿಸಿಗೆ ಬಂದ ಮೇಲೆ ಅದೇ ಬಿಸಿಯಲ್ಲಿ ಸ್ವಲ್ಪ ಹೊತ್ತು ಹಿಡಿದಿಡುವುದಕ್ಕೆ ಸೋಕ್ ಅನ್ನುತ್ತಾರೆ. ಉಕ್ಕಿನ ಕಾರ್ಖಾನೆಯಲ್ಲಿ ಸೋಕಿಂಗ್ ಪಿಟ್ ಇರುತ್ತದೆ. ಎರಕದ ಗಟ್ಟಿಯ ಹೊರಗೂ ಒಳಗೂ ಒಂದೇ ಸಮ ಬಿಸಿ ಆಗಲಿ ಅಂತ ಅದನ್ನು ಆ ಗುಂಡಿಯಲ್ಲಿ ಇಡುತ್ತಾರೆ.

ಕನ್ನಡದ 'ಸೋಕು' ಬೇರೆ, ಅದು ತಾಗುವುದು. ಗಾಳಿ ಸೋಕುತ್ತದೆ, ಬಿಸಿಲು ಸೋಕುತ್ತದೆ, ಆಮೇಲೆ ಹೋಗುತ್ತದೆ. ಕೇಳಲು ಒಂದೇ ಥರ ಇದ್ದರೂ ಅರ್ಥ ಹೆಚ್ಚುಕಡಿಮೆ ಉಲ್ಟಾ. ಸೋಕಿದ ಬಿಸಿ ಮೇಲೆ ಮೇಲೆ, ನೆನೆದ ಬಿಸಿ ಮೂಳೆಯೊಳಗೆ. ಕನ್ನಡದಲ್ಲೇ ಹೇಳಬೇಕು ಅಂದರೆ 'ಕಾವು ಹಿಡಿದಿದೆ' ಅನ್ನುವುದು ನನಗೆ ಹತ್ತಿರದ ಮಾತು. ಒಲೆ ಆರಿಸಿದ ಮೇಲೂ ಕೊನೆಯ ದೋಸೆಯನ್ನು ಬೇಯಿಸುತ್ತದಲ್ಲ ಕಾವಲಿ, ಅದು ಹೀಟ್ ಸೋಕ್.

ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ಎಫ್‌ಟಿಪಿ-75 ಹೊಗೆ ಪರೀಕ್ಷೆಯನ್ನೇ ನೋಡಿ. ಪರೀಕ್ಷೆಗೆ ಮುಂಚೆ ಕಾರನ್ನು 12ರಿಂದ 36 ಗಂಟೆ ಸುಮ್ನೆ ನಿಲ್ಲಿಸಿಡಬೇಕು. ಅದು ಸೋಕ್. ನಡುವೆ ಸುಮಾರು 10 ನಿಮಿಷ ಎಂಜಿನ್ ಆಫ್ ಮಾಡಿ ಬಿಡುತ್ತಾರೆ. ಅದು ಹಾಟ್ ಸೋಕ್. ಎರಡರಲ್ಲೂ ಗಾಡಿ ನಿಂತಿದೆ.

ನಿಂತಾಗ ಏನಾಗುತ್ತದೆ? ಓಡುವಾಗ ಕೂಲಂಟ್ (ಎಂಜಿನ್ ತಣಿಸುವ ನೀರು) ಪಂಪ್, ಫ್ಯಾನ್, ಎದುರುಗಾಳಿ ಎಲ್ಲ ಸೇರಿ ಬಿಸಿಯನ್ನು ಹೊರಗೆ ಒಯ್ಯುತ್ತಿರುತ್ತವೆ. ಕೀ ತಿರುಗಿಸಿ ಆಫ್ ಮಾಡಿದ ಕೂಡಲೇ ಒಯ್ಯುವವರಿಲ್ಲ, ಬಿಸಿ ಮಾತ್ರ ಅಲ್ಲೇ ಇದೆ. ಅದು ಹೆಡ್‌ನಿಂದ, ಬ್ಲಾಕ್‌ನಿಂದ ಮೇಲಕ್ಕೆ ಹತ್ತುತ್ತದೆ. ಜಾಗ್ವಾರ್ ಎಫ್-ಟೈಪ್ ವಿ8ನಲ್ಲಿ ಸೂಪರ್‌ಚಾರ್ಜರ್ ಕೂತಿರುವುದು ಎಲ್ಲಿ? ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ. ಮೊಟ್ಟೆಯ ಮೇಲೆ ಕೋಳಿ ಕಾವಿಗೆ ಕೂತ ಹಾಗೆ, ಆದರೆ ಇಲ್ಲಿ ಬಿಸಿ ಇರುವುದು ಮೊಟ್ಟೆಗೆ.

ಸೂಪರ್‌ಚಾರ್ಜರ್ ತಾನೂ ಕಡಿಮೆಯಿಲ್ಲ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ಸೈಕಲ್ ಪಂಪ್ ಹೊಡೆದವರಿಗೆ ಗೊತ್ತು. 30 ಡಿಗ್ರಿ ಗಾಳಿಯ ಒತ್ತಡವನ್ನು 1.6 ಪಟ್ಟು ಮಾಡಿದರೆ ಬರೀ ಲೆಕ್ಕದಲ್ಲೇ 70 ಡಿಗ್ರಿ ದಾಟುತ್ತದೆ. ನಿಜವಾದ ಯಂತ್ರದಲ್ಲಿ ಇನ್ನೂ ಜಾಸ್ತಿ. ಅದನ್ನು ತಣಿಸಲು ಇಂಟರ್‌ಕೂಲರ್ ಇದೆ. ಮತ್ತೆ ಮತ್ತೆ ಪೂರ್ತಿ ತುಳಿಯುತ್ತಿದ್ದರೆ ಇಂಟರ್‌ಕೂಲರೂ ಅದರ ನೀರೂ ಕಾವು ಹಿಡಿದು ಸುಸ್ತಾಗುತ್ತವೆ. ಇದಕ್ಕೂ ಹೀಟ್ ಸೋಕ್ ಅನ್ನುತ್ತಾರೆ. ಗಾಡಿ ಓಡುತ್ತಿದ್ದರೂ ಒಪ್ಪಿಗೆ, ಯಾಕೆಂದರೆ ಲೋಹ ನೆನೆದಿದೆ. ಒಳಗೆ ಹೋಗುವ ಗಾಳಿ ಬಿಸಿ ಅಂತ ಗೊತ್ತಾದ ಕೂಡಲೇ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕಿಡಿ ಹಾರಿಸುವುದನ್ನು ಸ್ವಲ್ಪ ತಡ ಮಾಡುತ್ತದೆ, ಪಿಕಪ್ ಬೀಳುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ ನಡುವಿನಲ್ಲೇ, ಏನೂ ಆಗದ ಹಾಗೆ.

ಮುಳ್ಳು ಕೆಂಪಿಗೆ ಹೋದರೆ ಅದು ಓವರ್‌ಹೀಟ್. 2015ರ ಕಾರ್ವೆಟ್ ಝಡ್06 ಕಾರಿನದು ಅದೇ ಕಥೆ. 650 ಎಚ್‌ಪಿ ಸೂಪರ್‌ಚಾರ್ಜ್ಡ್ ವಿ8. ಟ್ರ್ಯಾಕಿನಲ್ಲಿ ವಿಪರೀತ ಕಾಯುತ್ತದೆ ಅಂತ ದೂರು ಬಂತು, 2017ರ ಮಾದರಿಗೆ ಬಾನೆಟ್ಟಿನ ಗಾಳಿಕಿಂಡಿಯನ್ನು ದೊಡ್ಡದು ಮಾಡಿದರು. ಅದನ್ನೂ ಹೀಟ್ ಸೋಕ್ ಅಂತ ಕರೆಯುವವರಿದ್ದಾರೆ. ಕರೆಯಲಿ ಬಿಡಿ ಅನ್ನೋಣ ಅಂದರೆ, ಕಾಯಿಲೆ ಬೇರೆ ಆದಾಗ ಔಷಧಿಯೂ ಬೇರೆ.

ಈಗ ಆ ಹತ್ತು ನಿಮಿಷದ ಐಡಲ್‌ಗೆ ಬರೋಣ. ಈ ಬುದ್ಧಿವಾದ ಬಂದದ್ದು ಗಾಳಿ ಒತ್ತುವ ಇನ್ನೊಂದು ಯಂತ್ರವಾದ ಟರ್ಬೊ ಕಡೆಯಿಂದ. ಟರ್ಬೊ ತಿರುಗುವುದು ಸೈಲೆನ್ಸರ್ ಕಡೆಗೆ ಹೋಗುವ ಸುಡುಹೊಗೆಯಿಂದ. ಅದರ ಬೇರಿಂಗ್‌ಗೆ ಎಂಜಿನ್ ಆಯಿಲ್ಲೇ ಗತಿ. ಕೆಂಪಗೆ ಕಾದಾಗ ಆಫ್ ಮಾಡಿದರೆ ಆಯಿಲ್ ಅಲ್ಲೇ ನಿಂತು ಸುಟ್ಟು ಕರಿ ಕಟ್ಟುತ್ತದೆ. ಅಲ್ಲಿ ಐಡಲ್‌ಗೆ ಅರ್ಥವಿದೆ. ಸೂಪರ್‌ಚಾರ್ಜರನ್ನು ತಿರುಗಿಸುವುದು ಕ್ರ್ಯಾಂಕ್‌ನಿಂದ ಬರುವ ಬೆಲ್ಟ್. ಹೊಗೆಯ ಸಹವಾಸವೇ ಇಲ್ಲ. ಈಟನ್ ಕಂಪನಿಯ ಥರದ್ದರಲ್ಲಿ ಗೇರಿಗೆ ಬೇರೆಯೇ ಆಯಿಲ್ ಸೀಲ್ ಆಗಿರುತ್ತದೆ. ಟರ್ಬೊ ಕಾರಣ ಇಲ್ಲಿ ನಡೆಯುವುದಿಲ್ಲ. ಮೇಲಾಗಿ, ಬಾನೆಟ್ ಮುಚ್ಚಿ ನಿಂತಲ್ಲೇ ಓಡಿಸಿದರೆ ಎದುರುಗಾಳಿ ಇಲ್ಲ, ಎಂಜಿನ್ ಬಿಸಿ ಹುಟ್ಟಿಸುತ್ತಲೇ ಇದೆ. ಯಾವುದು ಆಗಬಾರದು ಅಂತ ನಿಲ್ಲಿಸಿದರೋ ಅದನ್ನೇ ಕೂತು ಬೇಯಿಸುತ್ತಿದ್ದಾರೆ.

ತಣಿಸಬೇಕಾದದ್ದು ನಿಲ್ಲಿಸುವ ಮುಂಚೆ. ಕೊನೆಯ ಲ್ಯಾಪ್ ನಿಧಾನ. ರಸ್ತೆಯಾದರೆ ಕೊನೆಯ ಏಳೆಂಟು ಕಿಲೋಮೀಟರ್ ಹಗುರ ಕಾಲು, ದೊಡ್ಡ ಗೇರು. ಕಾಲು ಹಗುರವಾದರೆ ಬೈಪಾಸ್ ವಾಲ್ವ್ ತೆರೆಯುತ್ತದೆ, ಸೂಪರ್‌ಚಾರ್ಜರ್ ಗಾಳಿ ಒತ್ತುವುದನ್ನು ಬಿಟ್ಟು ಸುಮ್ನೆ ಸುತ್ತುತ್ತದೆ. ಎದುರುಗಾಳಿ ಮಾತ್ರ ಬೀಸುತ್ತಲೇ ಇರುತ್ತದೆ. ಆಮೇಲೆ ಒಂದೆರಡು ನಿಮಿಷ ಐಡಲ್ ಸಾಕು. ಆಫ್ ಮಾಡಿ, ಬಾನೆಟ್ ಎತ್ತಿ. ಕೂಲಂಟ್ ಮುಚ್ಚಳಕ್ಕೆ ಕೈ ಹಾಕಬೇಡಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾದುಕೊಂಡಿರುತ್ತದೆ, ತೆರೆದ ಕೂಡಲೇ ಮುಖಕ್ಕೆ ಉಕ್ಕುತ್ತದೆ.

ಹೀಟ್ ಸೋಕನ್ನು ಸರಿಯಾಗಿ ಅರ್ಥಮಾಡಿಕೊಂಡವರು 2018ರ ಡಾಜ್ ಡೀಮನ್ ಮಾಡಿದವರು. ಆಫ್ ಮಾಡಿದ ಮೇಲೂ ಅದರ ಫ್ಯಾನ್ ಮತ್ತು ಇಂಟರ್‌ಕೂಲರ್ ನೀರಿನ ಪಂಪ್ ಓಡುತ್ತಲೇ ಇರುತ್ತವೆ. ಎಂಜಿನ್ ಬೇಕಿಲ್ಲ, ಹರಿವು ಬೇಕು. ಇಷ್ಟೇ ವಿಷಯ.

ಪದ ಬ್ರೇಕಿಗೂ ಹೊಂದುತ್ತದೆ. ಓಡುವಾಗ ಗಾಳಿಗೆ ತಣಿಯುತ್ತಿದ್ದ ಡಿಸ್ಕ್, ನಿಂತ ಮೇಲೆ ತನ್ನ ಬಿಸಿಯನ್ನು ಪ್ಯಾಡ್ ಒತ್ತುವ ಕ್ಯಾಲಿಪರ್‌ಗೂ ಅದರೊಳಗಿನ ಬ್ರೇಕ್ ದ್ರವಕ್ಕೂ ದಾಟಿಸುತ್ತದೆ. ಡಾಟ್ 4 ದರ್ಜೆಯ ದ್ರವ ಹೊಸದಿದ್ದಾಗ 230 ಡಿಗ್ರಿವರೆಗೆ ಕುದಿಯದೆ ತಡೆಯಬೇಕು ಅನ್ನುವುದು ನಿಯಮ. ತೇವ ಹೀರಿದ ಮೇಲೆ ನಿಯಮ ಕೇಳುವುದು 155 ಮಾತ್ರ. ಟ್ರ್ಯಾಕಿನಲ್ಲಿ ಸರಿಯಿದ್ದ ಪೆಡಲ್ ಚಹಾ ಕುಡಿದು ಬಂದ ಮೇಲೆ ಮೆತ್ತಗಾಗುವುದು ಹೀಗೆ. ಆ ಬಿಸಿ ಡಿಸ್ಕಿಗೆ ನೀರು ಎರಚಬೇಡಿ, ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಎಳೆದರೆ ಪ್ಯಾಡ್ ಅಂಟಿದ ಕಡೆ ಮಾತ್ರ ಡಿಸ್ಕ್ ತಣಿಯದೆ ಉಳಿಯುತ್ತದೆ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಒಂದು ಕಲ್ಲು ಕೊಡಿ.