ಥಾರ್ ರಾಕ್ಸ್ ಬೇಕಾ, ಜಿಮ್ನಿ ಸಾಕಾ? ಹಿಂದಿನ ಸೀಟಿನವರನ್ನೂ ಕೇಳಿ

ಒಬ್ಬರಿಗೆ ಥಾರ್ ರಾಕ್ಸೇ ಬೇಕು, ಇನ್ನೊಬ್ಬರಿಗೆ ಜಿಮ್ನಿ ಸಾಕು. ಮಗು ಸ್ವಲ್ಪ ದೊಡ್ಡದಾಯಿತು, ಇನ್ನು ಸಕಲೇಶಪುರ, ಆಗುಂಬೆ, ಕೊಡಗು, ಸಾಧ್ಯವಾದರೆ ಒಂದು ಸಲ ಲಡಾಖ್ ಅಂತೆಲ್ಲ ಸುತ್ತಬೇಕು ಅಂದುಕೊಂಡ ಗಂಡ ಹೆಂಡತಿ ಈಗ ವಾದ ಮಾಡುವುದು ಹೆಚ್ಚಾಗಿ ಈ ಎರಡು ಗಾಡಿಗಳ ಮೇಲೆಯೇ. ಐದು ಬಾಗಿಲಿನ ಜಿಮ್ನಿ ಮಾರಾಟಕ್ಕೆ ಬಂದಿದ್ದು 2023ರ ಜೂನ್‌ನಲ್ಲಿ. ರಾಕ್ಸ್ ಬಂದಿದ್ದು 2024ರ ಆಗಸ್ಟ್ 15ಕ್ಕೆ. ರಾಕ್ಸ್, ಮಹೀಂದ್ರದವರು 1947ರಲ್ಲಿ ಜೋಡಿಸಲು ಶುರುಮಾಡಿದ ವಿಲ್ಲಿಸ್ ಜೀಪಿನ ವಂಶದ್ದು. ಜಿಮ್ನಿ, ಕಾಡಿನ ಸಫಾರಿಗಳಲ್ಲಿ ನಾವೆಲ್ಲ ನೋಡಿದ ಮಾರುತಿ ಜಿಪ್ಸಿಯ ಕಡೆಯದು. ಎರಡೂ ಲ್ಯಾಡರ್ ಚಾಸಿಸ್, ಅಂದರೆ ಏಣಿಯಂಥ ಗಟ್ಟಿ ಚೌಕಟ್ಟಿನ ಮೇಲೆ ಕೂತ ಗಾಡಿಗಳು. ಜಿಮ್ನಿಯಲ್ಲಿ ಎಲ್ಲ ಮಾದರಿಗೂ ಫೋರ್ ಬೈ ಫೋರ್ (ಎಂಜಿನ್ ನಾಲ್ಕೂ ಚಕ್ರ ತಿರುಗಿಸುವ ವ್ಯವಸ್ಥೆ) ಇದೆ, ರಾಕ್ಸ್‌ನಲ್ಲಿ ಡೀಸೆಲ್‌ಗೆ ಮಾತ್ರ.

ಮೊದಲು ಎಂಜಿನ್ ವಿಷಯ ಮುಗಿಸಿಬಿಡೋಣ, ಜಗಳ ಶುರುವಾಗುವುದೇ ಅಲ್ಲಿಂದ. ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಎಂಜಿನ್‌ಗೆ ಸುಮಾರು 105 ಅಶ್ವಶಕ್ತಿ, ರಾಕ್ಸ್ ಡೀಸೆಲ್ ಆಟೊಮ್ಯಾಟಿಕ್‌ಗೆ ಸುಮಾರು 175. ಕಾಗದದ ಮೇಲೆ ಹೋಲಿಕೆಯೇ ಇಲ್ಲ. ಆದರೆ ಘಾಟಿ ಹತ್ತಲು ನಿಜವಾಗಿ ಎಷ್ಟು ಬೇಕು? ಜನ, ಬ್ಯಾಗು ಎಲ್ಲ ಸೇರಿ 1,550 ಕೆಜಿ ತೂಗುವ ಜಿಮ್ನಿ ಅಂದುಕೊಳ್ಳಿ. 100 ಮೀಟರ್ ಸಾಗಿದರೆ 8 ಮೀಟರ್ ಮೇಲೇರುವ ರಸ್ತೆ, ವೇಗ ಗಂಟೆಗೆ 40 ಕಿ.ಮೀ. ಅಷ್ಟು ತೂಕವನ್ನು ಮೇಲೆತ್ತಲು ಬೇಕಾಗುವುದು ಸುಮಾರು 13.5 ಕಿಲೋವ್ಯಾಟ್, ಅಂದರೆ 18 ಅಶ್ವಶಕ್ತಿ ಅಷ್ಟೇ. ಗಾಳಿಯ ತಡೆ, ಟೈರು, ಗೇರುಗಳಲ್ಲಿ ಸೋರಿಹೋಗುವುದು, ಏಸಿ ಎಲ್ಲ ಸೇರಿಸಿದರೂ 30ರ ಆಸುಪಾಸು. ಮುಂದಿರುವ ಟ್ಯಾಂಕರ್ ಲಾರಿಯನ್ನು ಹಿಂದೆ ಹಾಕುವಾಗ ಮಾತ್ರ ಉಳಿದ ಅಶ್ವಗಳು ನೆನಪಾಗುತ್ತವೆ. ಅಲ್ಲಿ ರಾಕ್ಸ್ ಸುಲಭ, ಜಿಮ್ನಿಯಲ್ಲಿ ಗೇರು ಇಳಿಸಿ ಎಂಜಿನ್ ಕಿರುಚಿಸಬೇಕು.

ಲಡಾಖ್ ಕಥೆ ಬೇರೆ. ಖರ್ದುಂಗ್ ಲಾ ಇರುವುದು ಸುಮಾರು 5,359 ಮೀಟರ್ ಎತ್ತರದಲ್ಲಿ (ಫೋಟೋ ತೆಗೆಸಿಕೊಳ್ಳುವ ಹಳೇ ಬೋರ್ಡಿನಲ್ಲಿ ಇನ್ನೂ ಜಾಸ್ತಿ ಬರೆದಿತ್ತು, ಬಿಡಿ). ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿ ಇರುವುದರ 58 ಶೇಕಡದಷ್ಟು. ಟರ್ಬೊ ಇಲ್ಲದ ಎಂಜಿನ್ ಬರೀ ಸಿಲಿಂಡರ್‌ಗೆ ಬಂದಷ್ಟು ಗಾಳಿಯನ್ನೇ ನಂಬಿ ಬದುಕುತ್ತದೆ. ಹಾಗಾಗಿ ಜಿಮ್ನಿಯ 105 ಅಲ್ಲಿ 60ರ ಹತ್ತಿರ ಬಂದು ನಿಲ್ಲುತ್ತದೆ. ಅಷ್ಟು ದೂರ ಯಾಕೆ, 920 ಮೀಟರ್ ಎತ್ತರದ ಬೆಂಗಳೂರಲ್ಲೇ ಎಂಟೊಂಬತ್ತು ಶೇಕಡ ಹೋಗಿರುತ್ತದೆ. ಟರ್ಬೊ ಡೀಸೆಲ್ ಗಾಳಿಯನ್ನು ಒತ್ತಿ ತುಂಬುವುದರಿಂದ ಇಷ್ಟು ಕಳೆದುಕೊಳ್ಳುವುದಿಲ್ಲ. ಹಾಗಂತ ಜೀವನದಲ್ಲಿ ಒಮ್ಮೆ ಹೋಗುವ ಲಡಾಖ್‌ಗೋಸ್ಕರ ದಿನಾ ಓಡಿಸುವ ಗಾಡಿ ಆರಿಸುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ.

ಈಗ ನಾಲ್ಕು ಚಕ್ರದ ಮಾತು. ಡಿಫರೆನ್ಷಿಯಲ್ ಎಂಬ ಗೇರುಗಳ ಗೂಡು ಇಲ್ಲದಿದ್ದರೆ ಗಾಡಿ ನೆಟ್ಟಗೆ ತಿರುಗುವುದೇ ಇಲ್ಲ, ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಹೋಗಬೇಕಲ್ಲ. ಆದರೆ ಸಾದಾ ಡಿಫರೆನ್ಷಿಯಲ್‌ಗೆ ಒಂದು ದೌರ್ಬಲ್ಯವಿದೆ. ಅದು ಎರಡೂ ಚಕ್ರಕ್ಕೆ ಒಂದೇ ಅಳತೆಯ ತಿರುಚುಬಲ ಕೊಡುತ್ತದೆ. ಒಂದು ಚಕ್ರ ರಾಡಿಯಲ್ಲಿ ಸುಮ್ಮನೆ ಸುತ್ತುತ್ತಿದ್ದರೆ ಅದಕ್ಕೆ ಬೇಕಾದ ಬಲ ತೀರಾ ಕಡಿಮೆ, ಹಾಗಾಗಿ ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಸಿಗುವುದು ಅಷ್ಟೇ. ಜಿಮ್ನಿ ಇದಕ್ಕೆ ಮಾಡುವ ಉಪಾಯ, ಸುತ್ತುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಬಲವನ್ನು ಆಚೆ ದಾಟಿಸುವುದು. ರಾಕ್ಸ್‌ನ ಫೋರ್ ಬೈ ಫೋರ್ ಮಾದರಿಗಳಲ್ಲಿ ಹಿಂದಿನ ಡಿಫರೆನ್ಷಿಯಲ್ ಅನ್ನೇ ಲಾಕ್ ಮಾಡಬಹುದು. ಎಸ್ಟೇಟಿನ ಕಾಫಿ ಗಿಡಗಳ ನಡುವೆ ಮಳೆಗಾಲದಲ್ಲಿ ಏರು ಹತ್ತುವವರಿಗೆ ಇದು ದೊಡ್ಡ ವ್ಯತ್ಯಾಸ.

ತೊಂದರೆ ಏನೆಂದರೆ, ಎರಡರಲ್ಲೂ ಇರುವುದು ಬೇಕಾದಾಗ ಮಾತ್ರ ಹಾಕಿಕೊಳ್ಳುವ ಫೋರ್ ಬೈ ಫೋರ್. ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಕಟ್ಟಿಹಾಕಿದಂತೆ ಒಂದೇ ವೇಗದಲ್ಲಿ ಸುತ್ತುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು, ಆ ವ್ಯತ್ಯಾಸ ಎಲ್ಲೋ ಒಂದು ಕಡೆ ಕಳೆಯಬೇಕು. ಕೆಸರಿನಲ್ಲಿ, ಜಲ್ಲಿಯಲ್ಲಿ ಟೈರು ಸ್ವಲ್ಪ ಜಾರಿ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರಲು ಜಾಗವಿಲ್ಲ, ಒತ್ತಡವೆಲ್ಲ ಶಾಫ್ಟು ಗೇರುಗಳ ಮೇಲೆ ಬೀಳುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ. ಲೋ ರೇಂಜ್ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರು) ಕೂಡ ಇದರ ಜೊತೆಗೇ ಬರುವುದರಿಂದ ಅದೂ ಟಾರು ಘಾಟಿಗೆ ಅಲ್ಲ. ಅಂದರೆ ಬೆಂಗಳೂರಿನಿಂದ ಹೊರಟು ಹೋಂಸ್ಟೇ ಗೇಟು ಮುಟ್ಟುವ ತನಕ, ನೀವು ಲಕ್ಷಗಟ್ಟಲೆ ಕೊಟ್ಟು ತಂದ ಫೋರ್ ಬೈ ಫೋರ್ ಬಹುಪಾಲು ಮಲಗಿರುತ್ತದೆ. ಇನ್ನು ಕೊಡಚಾದ್ರಿಯಂಥ ಕಡೆ ಹತ್ತಿಸಲು ಬಾಡಿಗೆ ಜೀಪಿನವರೇ ಇದ್ದಾರೆ, ಆ ಕಲ್ಲು ಗುಂಡಿಗಳೆಲ್ಲ ಅವರಿಗೆ ಬಾಯಿಪಾಠ.

ಮತ್ತೆ ನಿಲ್ಲಿಸುವುದು. ಇದನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ: ಎಲ್ಲ ಕಾರುಗಳೂ ಬ್ರೇಕ್ ಹಾಕುವುದು ನಾಲ್ಕೂ ಚಕ್ರದಿಂದಲೇ, ನಿಮ್ಮ ಪಕ್ಕದ ಮನೆಯ ಹಳೇ ಆಲ್ಟೊ ಕೂಡ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಣ ಟಾರಿನ ಮೇಲೆ, ಘರ್ಷಣೆಯ ಗುಣಾಂಕ 0.7 ಅಂತ ಹಿಡಿದರೆ, ಬ್ರೇಕ್ ಒತ್ತಿದ ಮೇಲೆ ನಿಲ್ಲಲು 20 ಮೀಟರ್ ಬೇಕು. ಮಳೆ ಬಂದು ಅದು 0.4ಕ್ಕೆ ಇಳಿದರೆ 35 ಮೀಟರ್. ಈ ಲೆಕ್ಕದಲ್ಲಿ ಗಾಡಿಯ ತೂಕವೂ ಬರುವುದಿಲ್ಲ, ಎಂಜಿನ್ ಎಷ್ಟು ಚಕ್ರ ತಿರುಗಿಸುತ್ತದೆ ಅನ್ನುವುದೂ ಬರುವುದಿಲ್ಲ. ಬರುವುದು ವೇಗ, ಟೈರು, ರಸ್ತೆ. ಜುಲೈ ತಿಂಗಳ ಚಾರ್ಮಾಡಿಯಲ್ಲಿ ಎಳೆತ ಚೆನ್ನಾಗಿರುವ ಗಾಡಿ ಬೇಗ ವೇಗ ಹಿಡಿಯುತ್ತದೆ, ಆಗ ರಸ್ತೆ ಎಷ್ಟು ಜಾರುತ್ತಿದೆ ಎಂಬುದು ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ನನ್ನನ್ನು ಕೇಳಿದರೆ ಟಾಪ್ ಮಾದರಿ ಬಿಟ್ಟು ಒಂದು ಮೆಟ್ಟಿಲು ಕೆಳಗಿನದು ತಗೊಳ್ಳಿ, ಉಳಿದ ದುಡ್ಡನ್ನು ಟೈರು ಸವೆಯುವ ಮೊದಲೇ ಬದಲಿಸಲು ಎತ್ತಿಡಿ.

ತೂಕ ಲೆಕ್ಕಕ್ಕೆ ಬರುವುದು ಇಳಿಯುವಾಗ. 500 ಮೀಟರ್ ಎತ್ತರದಿಂದ 1,550 ಕೆಜಿಯ ಗಾಡಿ ಕೆಳಗಿಳಿದರೆ ಅದು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 7.6 ಮೆಗಾಜೌಲ್. ಬಚ್ಚಲುಮನೆ ಹಂಡೆಯಲ್ಲಿ 24 ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರಲು ಬೇಕಾದ ಶಾಖ ಅದು. ತುಂಬಿದ ದೊಡ್ಡ ಗಾಡಿ 2,300 ಕೆಜಿ ತೂಗಿದರೆ 36 ಲೀಟರ್. ಅಷ್ಟನ್ನೂ ಬ್ರೇಕಿನ ಮೇಲೆ ಹಾಕಿದರೆ ಅದು ಕಾದು ಹಿಡಿತ ಬಿಡುತ್ತದೆ. ಕೆಳಗಿನ ಗೇರಿನಲ್ಲಿ ಇಳಿಯಿರಿ ಅಂತ ಹಳೇ ಡ್ರೈವರುಗಳು ಹೇಳುವುದು ಇದಕ್ಕೇ. ಆಟೊಮ್ಯಾಟಿಕ್ ತಗೊಂಡವರು ಗೇರನ್ನು ಕೈಯಿಂದ ಇಳಿಸುವುದು ಹೇಗೆ ಅಂತ ಮೊದಲೇ ಕಲಿತಿರಬೇಕು.

ತೂಕ ಎಲ್ಲಿ ಕೂರುತ್ತದೆ ಅನ್ನುವುದೂ ಮುಖ್ಯ. ಹಿಂದಿನ ಸೀಟು ಮಡಚದೆ ಇದ್ದಾಗ ಜಿಮ್ನಿಯ ಡಿಕ್ಕಿಯಲ್ಲಿ ಇರುವುದು 208 ಲೀಟರ್ ಜಾಗ. ಮಗುವಿನ ಸಾಮಾನು ಹಾಕುವಷ್ಟರಲ್ಲಿ ಅದು ತುಂಬಿಹೋಗುತ್ತದೆ, ಉಳಿದದ್ದು ಟಾಪಿಗೆ ಹತ್ತುತ್ತದೆ. 1,500 ಕೆಜಿಯ ಗಾಡಿಯ ಗುರುತ್ವಕೇಂದ್ರ ನೆಲದಿಂದ 70 ಸೆಂ.ಮೀ. ಮೇಲಿದೆ ಅಂದುಕೊಂಡು, 1.8 ಮೀಟರ್ ಎತ್ತರದಲ್ಲಿ 60 ಕೆಜಿ ಕಟ್ಟಿದರೆ ಅದು 74 ಸೆಂ.ಮೀ.ಗೆ ಏರುತ್ತದೆ. ನಾಲ್ಕೇ ಸೆಂಟಿಮೀಟರ್, ಅದರಲ್ಲೇನು ಅನ್ನಿಸಬಹುದು. ಆದರೆ ಗಾಡಿ ಮಗುಚುವ ಗುಣವನ್ನು ಅಳೆಯುವುದೇ ಎಡಬಲ ಚಕ್ರಗಳ ನಡುವಿನ ಅಂತರವನ್ನು ಈ ಎತ್ತರದ ಎರಡರಷ್ಟರಿಂದ ಭಾಗಿಸಿ. ಸಾದಾ ಕಾರುಗಳಲ್ಲಿ ಉತ್ತರ 1.3ರ ಮೇಲಿರುತ್ತದೆ, ಎತ್ತರದ ಗಾಡಿಗಳಲ್ಲಿ 1ರ ಹತ್ತಿರ ಬರಬಹುದು. ಜಿಮ್ನಿಯ ಚಕ್ರಗಳ ಅಂತರ ಸುಮಾರು 1.4 ಮೀಟರ್, ನೀವೇ ಭಾಗಿಸಿ ನೋಡಿ. ಟಾಪ್ ಮೇಲೆ ಎಷ್ಟು ಕೆಜಿ ಹಾಕಬಹುದು ಎಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ, ಯಾರೂ ಓದುವುದಿಲ್ಲ.

ಹಿಂದೆ ಕೂತವರ ವಿಷಯಕ್ಕೆ ಬರೋಣ. ಘಾಟಿಯಲ್ಲಿ ಮಗು ವಾಂತಿ ಮಾಡಿಕೊಂಡರೆ ಅವತ್ತಿನ ಪ್ರವಾಸ ಅರ್ಧ ಮುಗಿದಂತೆ, ಅಲ್ವಾ? ಒಳಕಿವಿಯಲ್ಲಿರುವ ಸಮತೋಲನದ ಅಂಗ ದೇಹ ಅಲುಗಾಡುತ್ತಿದೆ ಅನ್ನುತ್ತದೆ, ಮೊಬೈಲ್ ನೋಡುತ್ತಿರುವ ಕಣ್ಣು ಎಲ್ಲ ನಿಂತಿದೆ ಅನ್ನುತ್ತದೆ, ಮಿದುಳಿಗೆ ಎರಡನ್ನೂ ಹೊಂದಿಸಲು ಆಗುವುದಿಲ್ಲ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ, ಆಮೇಲೆ ಹನ್ನೆರಡರ ತನಕ ಜಾಸ್ತಿ. ಹಡಗುಗಳ ಮೇಲಾಡಿಕೆ ಕೆಳಗಾಡಿಕೆಯನ್ನು ಅಧ್ಯಯನ ಮಾಡಿದವರು ಕಂಡುಕೊಂಡಂತೆ, ಹೊಟ್ಟೆ ತೊಳಸುವುದು ಬಡಬಡ ಕುಲುಕಾಟದಿಂದಲ್ಲ, ಐದು ಸೆಕೆಂಡಿಗೆ ಒಂದು ಸಲದಂತೆ ಬರುವ ನಿಧಾನದ ತೂಗಾಟದಿಂದ. ಒಂದಾದ ಮೇಲೊಂದು ತಿರುವು ಬರುವ ಘಾಟಿಯಲ್ಲಿ ದೇಹ ಎಡಕ್ಕೆ ಬಲಕ್ಕೆ ವಾಲುವುದೂ ಇಂಥದ್ದೇ ನಿಧಾನದ ಲಯದಲ್ಲಿ. ಓಡಿಸುವವರಿಗೆ ಮುಂದೇನು ಬರುತ್ತದೆ ಅಂತ ಗೊತ್ತು, ದೇಹ ಮೊದಲೇ ಸಿದ್ಧವಾಗಿರುತ್ತದೆ. ಹಾಗಾಗಿ ಟೆಸ್ಟ್ ಡ್ರೈವ್‌ನಲ್ಲಿ ಸ್ಟೀರಿಂಗ್ ಹಿಡಿದವರ ತೀರ್ಪು ಈ ವಿಷಯದಲ್ಲಿ ಕೆಲಸಕ್ಕೆ ಬಾರದು.

ಇಲ್ಲಿ ಎರಡು ಗಾಡಿಗೂ ವ್ಯತ್ಯಾಸ ಇದೆ. ಜಿಮ್ನಿಗೆ ಹಿಂದೆಯೂ ಮುಂದೆಯೂ ಇಡೀ ಅಗಲಕ್ಕೆ ಒಂದೇ ಗಟ್ಟಿ ಆಕ್ಸಲ್. ಬಂಡೆ ಹತ್ತುವಾಗ ಅದು ವರ, ಒಂದು ಚಕ್ರ ಮೇಲೆ ಹೋದರೆ ಇನ್ನೊಂದು ನೆಲಕ್ಕೆ ಒತ್ತಿಕೊಳ್ಳುತ್ತದೆ. ಗುಂಡಿಬಿದ್ದ ಟಾರಿನಲ್ಲಿ ಅದೇ ಗುಣ ತಲೆಯನ್ನು ಅತ್ತಿತ್ತ ಎಸೆಯುತ್ತದೆ. ರಾಕ್ಸ್‌ಗೆ ಮುಂದಿನ ಚಕ್ರಗಳು ಬಿಡಿಬಿಡಿ, ಹಿಂದೆ ಮಾತ್ರ ಗಟ್ಟಿ ಆಕ್ಸಲ್, ಅದು ಪಕ್ಕಕ್ಕೆ ಸರಿಯದಂತೆ ವ್ಯಾಟ್ ಲಿಂಕೇಜ್ ಎಂಬ ಸರಳುಗಳ ಜೋಡಣೆ. ಮುಂದಿನ ಹಿಂದಿನ ಚಕ್ರಗಳ ಅಂತರ ರಾಕ್ಸ್‌ನಲ್ಲಿ 2,850 ಮಿ.ಮೀ., ಜಿಮ್ನಿಯಲ್ಲಿ 2,590. ಉದ್ದ ಜಾಸ್ತಿಯಾದಷ್ಟೂ ಹಂಪುಗಳ ಮೇಲೆ ಗಾಡಿ ಮೂಗು ಎತ್ತಿ ಇಳಿಸುವುದು ಕಡಿಮೆ. ಅದಕ್ಕೆ ಬೆಲೆಯೂ ಇದೆ: ಮೂರು ಬಾಗಿಲಿನ ಜಿಮ್ನಿಯನ್ನು 340 ಮಿ.ಮೀ. ಉದ್ದ ಮಾಡಿದಾಗ, ಹೊಟ್ಟೆ ತಾಗದೆ ದಾಟಬಹುದಾದ ದಿಬ್ಬದ ಕೋನ 28 ಡಿಗ್ರಿಯಿಂದ 24ಕ್ಕೆ ಇಳಿಯಿತು.

ಆದರೂ ಗಾಡಿಗಿಂತ ಕಾಲು ಮುಖ್ಯ. 12 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ತಿರುಗಿಸಿದರೆ ಹಿಂದೆ ಕೂತವರನ್ನು ಪಕ್ಕಕ್ಕೆ ತಳ್ಳುವ ಬಲ ಅವರ ತೂಕದ ಕಾಲುಭಾಗ. 30ರಲ್ಲಿ ತಿರುಗಿಸಿದರೆ ಅರ್ಧಕ್ಕಿಂತ ಜಾಸ್ತಿ. ಆಗುಂಬೆಯಲ್ಲಿ ಇಂಥವು 14 ಇವೆ. ಎರಡು ಶೋರೂಮಿನ ನಡುವಿನ ಯಾವ ವ್ಯತ್ಯಾಸವೂ ಈ 10 ಕಿ.ಮೀ.ಯಷ್ಟು ದೊಡ್ಡದಲ್ಲ.

ಅಗಲ ನೋಡಿ. ಜಿಮ್ನಿ 1,645 ಮಿ.ಮೀ., ರಾಕ್ಸ್ 1,870. ಮಲೆನಾಡಿನ ಒಂದೂವರೆ ಗಾಡಿ ಅಗಲದ ರಸ್ತೆಯಲ್ಲಿ ಎದುರಿಂದ ಬಸ್ಸು ಬಂದಾಗ ಆ 22 ಸೆಂಟಿಮೀಟರ್ ಅಂದರೆ ಚರಂಡಿಗೂ ಟೈರಿಗೂ ನಡುವಿನ ಅಂತರ. ಇಬ್ಬರಲ್ಲಿ ಓಡಿಸಲು ಹಿಂಜರಿಯುವವರು ಯಾರೋ ಅವರಿಗೆ ಅಲ್ಲಿ ಓಡಿಸಲು ಕೊಟ್ಟು ಆಮೇಲೆ ಮಾತಾಡಿ. ಟೆಸ್ಟ್ ಡ್ರೈವ್ ಕೇಳುವಾಗ ಒಳ್ಳೆ ರಿಂಗ್ ರೋಡ್ ಬೇಡ, ಹಾಳಾದ ರಸ್ತೆಯೇ ಬೇಕು ಅನ್ನಿ. ಒಂದು ಸುತ್ತು ಒಬ್ಬರು ಓಡಿಸಲಿ, ಇನ್ನೊಬ್ಬರು ಮಗುವಿನ ಜೊತೆ ಹಿಂದೆ ಕೂರಲಿ. ಮುಂದಿನ ಸುತ್ತಿಗೆ ಅದಲುಬದಲು. ಮಗುವಿನ ಸೀಟು ಹಾಕಿ ನೋಡಿ, ಅಲ್ಲಿಂದ ಅದಕ್ಕೆ ಮುಂದಿನ ರಸ್ತೆ ಕಾಣುತ್ತದಾ ಅಂತಲೂ ನೋಡಿ.

ಮೂರೇ ಜನ, ಹೆಚ್ಚಾಗಿ ಮಲೆನಾಡು, ನಿಧಾನಕ್ಕೆ ಸುತ್ತುವವರು ಅಂದರೆ ನನ್ನ ಓಟು ಜಿಮ್ನಿಗೆ. ಹೈವೇ ಜಾಸ್ತಿ, ಸಾಮಾನು ಜಾಸ್ತಿ ಅಂದರೆ ರಾಕ್ಸ್. ಅಜ್ಜ ಅಜ್ಜಿ ಇಬ್ಬರೂ ಜೊತೆಗೆ ಬರುತ್ತಾರೆ ಅಂದರೆ ವಾದವೇ ಇಲ್ಲ, ಜಿಮ್ನಿಯಲ್ಲಿ ಇರುವುದು ನಾಲ್ಕೇ ಸೀಟು. ಆಗ ನೋಡಬೇಕಾದ್ದು ಅಜ್ಜಿಗೆ ರಾಕ್ಸ್ ಹತ್ತಲು ಆಗುತ್ತದಾ ಅನ್ನುವುದು. ಅವರನ್ನೂ ಶೋರೂಮಿಗೆ ಕರೆದುಕೊಂಡು ಹೋಗಿ, ಸೀರೆ ಉಟ್ಟೇ ಹತ್ತಿ ಇಳಿದು ನೋಡಲಿ.